ಪೂಜೆಯಿಲ್ಲದ ಹಾವು

ನಮ್ಮ ಕೊಡಗಿನಲ್ಲಿ ನಾಗರಹಾವಿಗೆ ಕಲ್ಲಿದೆ, ಕಟ್ಟೆಯಿದೆ, ಬನವಿದೆ. 1955ರಲ್ಲಿ ಅಭಯಾರಣ್ಯವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾದ ಕಾಡಿನ ಹೆಸರಿನಲ್ಲೂ ನಾಗರವೇ ಇದೆ. ಪಶ್ಚಿಮಕ್ಕೆ ಪುಷ್ಪಗಿರಿಯ ಸಾಲನ್ನು ದಾಟಿದರೆ ಕುಕ್ಕೆಯ ಸುಬ್ರಹ್ಮಣ್ಯನ ಸನ್ನಿಧಿ. ನಾಗರಪಂಚಮಿಯಂದು ಹಾಲೆರೆಯುವುದು ಆ ಒಂದೇ ಹಾವಿಗೆ. ಕೇರೆ ಹಾವಿಗೆ ಇವುಗಳಲ್ಲಿ ಯಾವುದೂ ಇಲ್ಲ. ಆದರೂ ಕೊಡಗಿನ ಗದ್ದೆ ತೋಟಗಳಲ್ಲಿ ಬದುಕಿದವರನ್ನು ಕೇಳಿ ನೋಡಿ: ಒಂದು ಬಾರಿ ನಾಗರವನ್ನು ಕಂಡವರು ಹತ್ತಾರು ಬಾರಿ ಕೇರೆಯನ್ನು ಕಂಡಿರುತ್ತಾರೆ. ವಿಷವುಳ್ಳದ್ದಕ್ಕೆ ಪೂಜೆ, ವಿಷವಿಲ್ಲದ್ದಕ್ಕೆ ದೊಣ್ಣೆ ಎಂಬುದು ನಮ್ಮ ನಡುವೆ ಎಷ್ಟೋ ಕಾಲದಿಂದ ನಡೆದುಬಂದಿರುವ ನ್ಯಾಯ.

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತನ್ನ ಮನೆತನದ ಕಾಫಿ ತೋಟವನ್ನು ನೋಡಿಕೊಳ್ಳುತ್ತಿರುವವನು, ದೂರವಾಣಿಯಲ್ಲಿ ಕೇಳಿದ: "ಸಾರ್, ಗೋದಾಮಿನ ಹಿಂದೆ ಎರಡು ದೊಡ್ಡ ಹಾವು ಸೇರಿಕೊಂಡಿವೆ. ಕೇರೆ ಅಂತ ಕೆಲವರು, ನಾಗರ ಅಂತ ಕೆಲವರು. ಲೈನ್‌ಮನೆಯವರು ಹೆದರಿದ್ದಾರೆ. ಹೊಡೆಯೋಕೆ ಹೇಳಲೇ?" ಬೇಡವೆನ್ನಲು ಒಂದು ಮಾತು ಸಾಕಿತ್ತು; ಅದನ್ನು ಆಗಲೇ ಹೇಳಿದೆ. ಏಕೆ ಬೇಡ ಎಂಬುದು ದೂರವಾಣಿಯಲ್ಲಿ ಮುಗಿಯುವ ಮಾತಲ್ಲ. ಅವನಿಗೂ, ಅವನಂತೆ ತೋಟ ಗದ್ದೆಗಳಲ್ಲಿ ಉಳಿದಿರುವ ಇತರರಿಗೂ, ಹಾವೆಂದರೆ ಊರಿನ ನೆನಪಷ್ಟೇ ಆಗಿರುವ ಬೆಂಗಳೂರು, ಮೈಸೂರುಗಳ ನಮ್ಮ ಬಂಧುಗಳಿಗೂ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ನನ್ನ ತರಗತಿಯಲ್ಲಿ ಕುಳಿತವರಿಗೆ ಒಂದು ಉಕ್ತಲೇಖನ ನೆನಪಿರಬಹುದು: "ಕೆರೆಯ ಏರಿಯ ಮೇಲಿದ್ದ ಕೇರೆ ಕೇರಿಗೆ ಬಂದಿತು." ಹ್ರಸ್ವ ದೀರ್ಘಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಸಿಗಲಿಲ್ಲ, ಅರ್ಧ ತರಗತಿ ಹಾವಿನ ಮೇಲೆ ಕೆರೆಯನ್ನು ಕೂರಿಸುತ್ತಿತ್ತು. ಕನ್ನಡದ ಕೇರೆ ತುಳುವಿನಲ್ಲೂ ಕೇರೆಯೇ. ಮಲಯಾಳದಲ್ಲಿ ಅದು ಚೇರ, ತಮಿಳಿನಲ್ಲಿ ಸಾರೈ. ಇದರಲ್ಲಿ ಭಾಷಾಶಾಸ್ತ್ರದ ಒಂದು ಸೊಗಸಾದ ಪಾಠವಿದೆ. ಇ, ಎ ಮೊದಲಾದ ಸ್ವರಗಳ ಮುಂದೆ ಕನ್ನಡವು ಮೂಲ ದ್ರಾವಿಡದ ಕಕಾರವನ್ನು ಹಾಗೆಯೇ ಉಳಿಸಿಕೊಂಡಿದೆ. ತಮಿಳು, ಮಲಯಾಳ, ತೆಲುಗುಗಳು ಅದನ್ನು ಚಕಾರವಾಗಿಸಿಕೊಂಡವು. ನಮ್ಮ ಕಿವಿ ಅವರಿಗೆ ಚೆವಿಯಾದದ್ದು, ನಮ್ಮ ಕೆಂಪು ಅವರಲ್ಲಿ ಚೆಂ ಎಂದು ಮೊದಲಾಗುವುದು ಈ ಕಾರಣದಿಂದಲೇ. ಹೀಗೆ ನೆರೆಹೊರೆಯ ಭಾಷೆಗಳಲ್ಲೆಲ್ಲ ಒಂದೇ ಬೇರಿನ ಹೆಸರು ಸಿಗುವುದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಈ ಭಾಷೆಗಳು ಬೇರೆ ಬೇರೆಯಾಗುವ ಮೊದಲೇ ನಮ್ಮ ಪೂರ್ವಿಕರು ಈ ಹಾವನ್ನು ಉಳಿದ ಹಾವುಗಳಿಂದ ಬೇರೆಯಾಗಿ ಗುರುತಿಸಿದ್ದರು. ಗುರುತು ಹಿಡಿಯಲಾಗದೆ ಹೊಡೆಯುವುದು ಇತ್ತೀಚಿನ ವಿದ್ಯೆ.

ಕುಟ್ಟ, ಮಾಕುಟ್ಟದ ಗಡಿ ದಾಟಿ ಕೇರಳಕ್ಕಿಳಿದರೆ ಇದೇ ಚೇರದ ಮೇಲೆ ಒಂದು ಗಾದೆ ಕೇಳಿಸುತ್ತದೆ: ಚೇರ ತಿನ್ನುವ ನಾಡಿಗೆ ಹೋದರೆ ನಡುತುಂಡನ್ನೇ ತಿನ್ನಬೇಕಂತೆ. ಹೋದ ಊರಿನ ನಡೆಗೆ ಹೊಂದಿಕೊಳ್ಳಬೇಕೆಂಬುದು ತಾತ್ಪರ್ಯ. ಗಾದೆಗೆ ಸಿಕ್ಕುವ ಹಾವೆಂದರೆ ಎಲ್ಲರೂ ಬಲ್ಲ ಹಾವೆಂದೇ ಅರ್ಥ.

ಯುರೋಪಿನ ವಿದ್ವಾಂಸರ ಕೈಗೆ ಕೇರೆ ಸಿಕ್ಕಿದ ಬಗೆ ಸ್ವಾರಸ್ಯವಾಗಿದೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಲ್ಯಾಟಿನ್ ಹೆಸರಿಟ್ಟಾಗ ಬಳಸಿದ ಪದ 'ಮ್ಯೂಕೋಸಸ್', ಎಂದರೆ ಲೋಳೆಯುಳ್ಳದ್ದು. ಭಾರತಕ್ಕೆ ಒಮ್ಮೆಯೂ ಬಾರದ ಆ ಮಹಾಶಯ ಜೀವಂತ ಕೇರೆಯನ್ನು ಮುಟ್ಟಿದ್ದರೆ ಹಾಗೆ ಕರೆಯುತ್ತಿರಲಿಲ್ಲ. ಕೇರೆಯ ಮೈ ಒಣಗಿದ್ದು, ನುಣುಪಾದದ್ದು, ಬಿಸಿಲು ಕಾದ ಬೆತ್ತದಂತೆ ಬೆಚ್ಚಗಿನದು. ಹೆಸರು ಮಾತ್ರ ಉಳಿದುಬಂದಿದೆ. ಇಂದಿಗೂ ವಿಜ್ಞಾನದಲ್ಲಿ ಅದು ಟೈಯಾಸ್ ಮ್ಯೂಕೋಸ.

ಇದಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾಗುವವನು ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ. 1780ರ ದಶಕದಲ್ಲಿ ವಿಶಾಖಪಟ್ಟಣದ ಕಡೆಯಲ್ಲಿದ್ದು ಹಾವುಗಳನ್ನು ಸಂಗ್ರಹಿಸಿ, 1796ರಲ್ಲಿ ಕೋರಮಂಡಲ ತೀರದ ಹಾವುಗಳ ದೊಡ್ಡ ಚಿತ್ರಗ್ರಂಥವನ್ನು ಹೊರತಂದ. ನಮ್ಮ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಅವನದೇ ಹೆಸರು. ರಸೆಲ್ ಹಾವುಗಳಿಗೆ ಲ್ಯಾಟಿನ್ ಹೆಸರು ಕಟ್ಟುವ ಗೋಜಿಗೆ ಹೆಚ್ಚು ಹೋಗದೆ ಊರಿನವರು ಕರೆಯುತ್ತಿದ್ದ ಹೆಸರುಗಳನ್ನೇ ಬರೆದಿಟ್ಟ. ಕೇರೆಯ ಚಿತ್ರದ ಕೆಳಗೆ ಇರುವುದು ತೆಲುಗಿನ ಜೆರ್ರಿಪೋತು. ಯಾವ ಹಾವು ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ ಎಂಬುದನ್ನು ಪ್ರಯೋಗದಿಂದ ತಿಳಿದು ಜನರಿಗೆ ಹೇಳಬೇಕೆಂಬುದೇ ಅವನ ಉದ್ದೇಶವಾಗಿತ್ತು.

ಆ ತಿಳಿವಳಿಕೆ ಸರ್ಕಾರದ ಕಡತಗಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು. ಜೋಸೆಫ್ ಫೇರರ್ ಎಂಬ ಸರ್ಜನ್ 1872ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಂಗಾಳ ಮತ್ತಿತರ ಪ್ರಾಂತಗಳಿಂದ 1869ರ ಒಂದೇ ವರ್ಷಕ್ಕೆ ಬಂದ ಹಾವು ಕಡಿತದ ಸಾವುಗಳ ಲೆಕ್ಕ 11,416. ಇಂಥ ಲೆಕ್ಕಗಳನ್ನು ಕಂಡು ಗಾಬರಿಯಾದ ಆಳುವವರು ವಿಷದ ಹಾವು ಕೊಂದು ತಂದವರಿಗೆ ಬಹುಮಾನ ಕೊಡಲಾರಂಭಿಸಿದರು. ಕಚೇರಿಯ ಮೇಜಿನ ಮೇಲೆ ಬಂದು ಬಿದ್ದ ತಲೆ ಜಜ್ಜಿದ ಹಾವು ವಿಷದ್ದೋ ಅಲ್ಲವೋ ಎಂದು ಹೇಳಬೇಕಾದವರು ಯಾರು? ಫೇರರನ ಬಣ್ಣದ ಚಿತ್ರಗಳೂ, ಮುಂದೆ 20ನೆಯ ಶತಮಾನದ ಮೊದಲಲ್ಲಿ ಸೇನೆಯ ವೈದ್ಯ ಫ್ರಾಂಕ್ ವಾಲ್ ಬರೆದ ಗುರುತಿನ ಕೈಪಿಡಿಯೂ ಇಂಥ ಅಗತ್ಯಕ್ಕೆ ಹುಟ್ಟಿದವು. ವಾಲ್ 1905ರಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಸಾಮಾನ್ಯ ಹಾವುಗಳ ಮೇಲೆ ಬರೆದ ಲೇಖನಮಾಲೆ ಇಂದಿಗೂ ಓದಲು ಹಿತವಾಗಿದೆ. ಹಿಂದಿಯವರು ಧಾಮನ್ ಎನ್ನುವ ನಮ್ಮ ಕೇರೆಗೆ ಅದರಲ್ಲಿ ಸಾಕಷ್ಟು ಪುಟಗಳು ಸಂದಿವೆ.

ಇನ್ನು ಹಾವಿನ ವಿಷಯಕ್ಕೆ ಬರೋಣ. ಬೆಳೆದ ಕೇರೆ ಸಾಮಾನ್ಯವಾಗಿ ಐದಾರು ಅಡಿಯಿಂದ ಏಳಡಿ ಉದ್ದವಿರುತ್ತದೆ, ಎಂಟಡಿಯವೂ ಇವೆ. ಬಣ್ಣವನ್ನು ನಂಬಬೇಡಿ. ಹಳದಿ, ಕಂದು, ಆಲಿವ್ ಕಾಯಿಯ ಹಸಿರು, ಬಹುಮಟ್ಟಿಗೆ ಕಪ್ಪು, ಎಲ್ಲವೂ ಉಂಟು. ನಂಬಬೇಕಾದದ್ದು ಮುಖವನ್ನು. ಕಣ್ಣು ದೊಡ್ಡದು, ಪಾಪೆ ದುಂಡಗೆ. ತುಟಿಯ ಹುರುಪೆಗಳ ಅಂಚಿನಲ್ಲಿ ಲೇಖನಿಯಿಂದ ಗೆರೆ ಎಳೆದಂತೆ ಕಪ್ಪು ಗೆರೆಗಳು. ಕುತ್ತಿಗೆ ತಲೆಗಿಂತ ಸ್ಪಷ್ಟವಾಗಿ ಸಣ್ಣದು. ನಾಗರಕ್ಕೆ ತಲೆ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ತೊಡಗಿತೆಂದು ಹೇಳುವುದು ಕಷ್ಟ. ಕೇರೆಯ ಬಾಲ ಚಾಟಿಯ ತುದಿಯಂತೆ ಉದ್ದವಾಗಿ ಸಣ್ಣಗಾಗುತ್ತ ಹೋಗುತ್ತದೆ. ಕೆಣಕಿದರೆ ಅದು ಕುತ್ತಿಗೆಯನ್ನು ಹಿಗ್ಗಿಸುವುದುಂಟು. ಆದರೆ ನಾಗರ ಅಡ್ಡಕ್ಕೆ ಅಗಲವಾಗಿ ಹೆಡೆ ಬಿಚ್ಚಿದರೆ ಕೇರೆ ಮೇಲೆ ಕೆಳಗೆ, ನಿಲುವಾಗಿ ಹಿಗ್ಗಿಸುತ್ತದೆ. ಜೊತೆಗೆ ಬೆಕ್ಕು ಗುರುಗುಟ್ಟಿದಂತೆ ಒಂದು ಸದ್ದು. ಪಾಪ, ಹೆದರಿಸಲು ಅದಕ್ಕಿರುವ ಬಂಡವಾಳ ಅಷ್ಟೆ.

ಅದು ಹಗಲು ತಿರುಗುವ ಹಾವು. ನಾಟಿಯಾದ ಹೊಸತರಲ್ಲಿ ಗದ್ದೆಯ ಏರಿಯ ಮೇಲೆ ನಿಂತು ನೋಡಿದವರಿಗೆ ಗೊತ್ತು, ಪೈರಿನ ನಡುವೆ ಒಂದು ಗೇಣು ತಲೆಯೆತ್ತಿ ಸುತ್ತ ನೋಡಿ ಮತ್ತೆ ಮುಳುಗುವ ಅದರ ಗತ್ತು. ಬೆನ್ನಟ್ಟುವುದು ವೇಗದಿಂದ, ಹಿಡಿದ ಇಲಿಗೆ ಹೆಬ್ಬಾವಿನಂತೆ ಸುತ್ತು ಹಾಕದೆ, ಮೈಯ ಭಾರದಿಂದ ನೆಲಕ್ಕೋ ಗೋಡೆಗೋ ಒತ್ತಿ ಹಿಡಿದು, ಅನೇಕ ಬಾರಿ ಜೀವವಿರುವಾಗಲೇ ನುಂಗುತ್ತದೆ. ಇಂಗ್ಲಿಷಿನಲ್ಲಿ ಇಲಿಹಾವು ಎಂದು ಕರೆದರೂ ಇಲಿಯೊಂದೇ ಅದರ ಊಟವೆಂದು ತಿಳಿಯಬಾರದು. ಕಪ್ಪೆ ಅದಕ್ಕೆ ಬಹಳ ಪ್ರಿಯ. ಮರಿಗಳಿಗಂತೂ ಕಪ್ಪೆ, ಹಲ್ಲಿಗಳೇ ಮುಖ್ಯ ಆಹಾರ. ಹಕ್ಕಿ, ಬಾವಲಿ, ಓತಿಕೇತ, ಸಣ್ಣ ಹಾವು ಯಾವುದನ್ನೂ ಬಿಡದು. ಮರವೇರಿ ಗೂಡಿಗೆ ಬಾಯಿ ಹಾಕುತ್ತದೆ; ಕೋಳಿಯ ಮರಿಗೂ ಹಾಕುತ್ತದೆ. ಕೇರೆಯ ಪರವಾಗಿ ಬರೆಯುವವನು ಇದನ್ನು ಮುಚ್ಚಿಡಬಾರದು.

ಮಳೆಗಾಲದ ಆಸುಪಾಸಿನಲ್ಲಿ ಹೆಣ್ಣು ಬಿಲದಲ್ಲೋ, ಮರದ ಪೊಟರೆಯಲ್ಲೋ, ದರಗಿನ ರಾಶಿಯಲ್ಲೋ ಎಂಟು ಹತ್ತರಿಂದ ಹದಿನೈದರವರೆಗೆ ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಸುಮಾರು ಎರಡು ತಿಂಗಳಿಗೆ ಹೊರಬರುವ ಮರಿ ಒಂದೂಕಾಲು ಅಡಿಗೆ ಕಡಿಮೆಯಿಲ್ಲ. ಮರಿಯ ಮೈಯ ಮುಂಭಾಗದಲ್ಲಿ ಬೂದು ಬಣ್ಣದ ಪಟ್ಟೆಗಳಿರುವುದರಿಂದ ಅದನ್ನು ಕಟ್ಟುಹಾವೆಂದು ಭ್ರಮಿಸಿ ಹೊಡೆಯುವವರೂ ಉಂಟು.

ಕೇರೆಯ ಬಗ್ಗೆ ನಾವು ಕಟ್ಟಿಕೊಂಡ ಕಥೆಗಳಲ್ಲಿ ದೊಡ್ಡದು ಅದರ ದಾಂಪತ್ಯದ್ದು. ಕೇರೆಯೆಲ್ಲ ಗಂಡು, ನಾಗರವೆಲ್ಲ ಹೆಣ್ಣು, ಎರಡೂ ಹೆಣೆದುಕೊಂಡು ಆಡುತ್ತವೆ ಎಂದು ನಮ್ಮ ಹಿರಿಯರು ಗಟ್ಟಿಯಾಗಿ ಹೇಳುತ್ತಿದ್ದರು. ನಾನು ಉಪಾಧ್ಯಾಯನಾಗಿ ಸೇರಿದ ಮೊದಲ ವರ್ಷಗಳಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಶಾಲೆಯ ಆಟದ ಬಯಲಿನ ಕೆಳಗಿನ ಒಣಗದ್ದೆಯಲ್ಲಿ ಈ 'ಆಟ' ನಡೆಯಿತು. ಎರಡು ಹಾವು ಹಗ್ಗ ಹೊಸೆದಂತೆ ಹೊಸೆದುಕೊಂಡು ಮೊಣಕಾಲೆತ್ತರಕ್ಕೆ ಏಳುವುದು, ಬೀಳುವುದು, ಮತ್ತೆ ಏಳುವುದು. ಪಾಠ ನಿಂತಿತು. ಊರಿನ ಹಿರಿಯರೊಬ್ಬರು ಹೊಸ ಪಂಚೆ ತರಲು ಓಡಿದರು. ಅವುಗಳ ಮೇಲೆ ಬಟ್ಟೆ ಹಾಸಿ ತೆಗೆದು ಪೆಟ್ಟಿಗೆಯಲ್ಲಿಟ್ಟರೆ ಮನೆಗೆ ಐಶ್ವರ್ಯವೆಂಬ ನಂಬಿಕೆ. ಅವರು ಬರುವಷ್ಟರಲ್ಲಿ ಒಂದು ಸೋತು ಬೇಲಿಯ ಕಡೆಗೆ ಹರಿಯಿತು, ಇನ್ನೊಂದು ಸ್ವಲ್ಪ ದೂರ ಅಟ್ಟಿಸಿಕೊಂಡು ಹೋಯಿತು. ಎರಡರ ತುಟಿಯ ಮೇಲೂ ಅದೇ ಕಪ್ಪು ಗೆರೆಗಳಿದ್ದವು. ಅದು ಪ್ರಣಯವಲ್ಲ, ಎರಡು ಗಂಡು ಕೇರೆಗಳ ಕುಸ್ತಿ. ಹೆಣ್ಣಿಗಾಗಿ ನಡೆಯುವ ಈ ಕಾಳಗದಲ್ಲಿ ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿದವನು ಗೆದ್ದಂತೆ. ಸೋತವನು ಜಾಗ ಬಿಡುತ್ತಾನೆ. ನಾಗರಕ್ಕೂ ಕೇರೆಗೂ ಸಂಬಂಧ ಕೂಡಿಬರುವುದು ಜೀವಶಾಸ್ತ್ರದಲ್ಲಿ ಸಾಧ್ಯವೇ ಇಲ್ಲ. ಎರಡೂ ಬೇರೆ ಬೇರೆ ಕುಟುಂಬಗಳವು, ಒಂದೊಂದರಲ್ಲೂ ಗಂಡು ಹೆಣ್ಣುಗಳಿವೆ. ಪಂಚೆ ತಂದ ಹಿರಿಯರು ಮಾತ್ರ ನನ್ನ ವಿವರಣೆಯನ್ನು ಒಪ್ಪಲಿಲ್ಲ. "ಮೇಷ್ಟ್ರೇ, ನಿಮ್ಮ ಪುಸ್ತಕಕ್ಕೆ ನಮ್ಮ ಹಾವು ಗೊತ್ತಿಲ್ಲ" ಎಂದುಬಿಟ್ಟರು.

ಎರಡನೆಯ ಕಥೆ ಹಸುವಿನದು. ಕೇರೆ ಕೊಟ್ಟಿಗೆಗೆ ನುಗ್ಗಿ ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನಿಂದ ಹಾಲು ಕುಡಿಯುತ್ತದೆಯಂತೆ. ಹಾವಿನ ಬಾಯಿಗೆ ಮಾಂಸಲವಾದ ತುಟಿಯಿಲ್ಲ, ಕೆನ್ನೆಯಿಲ್ಲ. ಹೀರುವುದು ಅದಕ್ಕೆ ಆಗದ ಕೆಲಸ. ಒಳಕ್ಕೆ ಬಾಗಿದ ಸೂಜಿಯಂಥ ಹಲ್ಲುಗಳ ಸಾಲು ಮೊಲೆಗೆ ತಾಗಿದರೆ ಯಾವ ಹಸು ಸುಮ್ಮನೆ ನಿಂತೀತು? ಕೊಟ್ಟಿಗೆಗೆ ಅದು ಬರುವುದು ಹಿಂಡಿ, ಹುಲ್ಲುಗಳಿಗೆ ಸೇರುವ ಇಲಿ ಹೆಗ್ಗಣಗಳಿಗಾಗಿ. ಬೆಳಿಗ್ಗೆ ಹಾಲು ಕಡಿಮೆಯಾದರೆ ಕೆಚ್ಚಲು ಬಾವನ್ನು ನೋಡಬೇಕು, ರಾತ್ರಿ ಹಗ್ಗ ಕಳಚಿಕೊಂಡ ಕರುವನ್ನು ವಿಚಾರಿಸಬೇಕು. ಇನ್ನು ಬಾಲದಿಂದ ಹೊಡೆದರೆ ಆ ಅಂಗ ಕೊಳೆಯುತ್ತದೆಂಬ ಮಾತಿಗೂ ಆಧಾರವಿಲ್ಲ. ಬಾಲದಲ್ಲಿ ಮುಳ್ಳೂ ಇಲ್ಲ, ವಿಷವೂ ಇಲ್ಲ. ಹಿಡಿಯಹೋದರೆ ಬಾಯಿಂದ ಕಚ್ಚುತ್ತದೆ, ರಕ್ತವೂ ಬರುತ್ತದೆ. ಸೋಪು ನೀರಿನಲ್ಲಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡರೆ ಮುಗಿಯಿತು. ಆದರೆ ಕಚ್ಚಿದ್ದು ಕೇರೆಯೇ ಎಂಬ ಖಾತ್ರಿ ಇಲ್ಲದಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಕೊಡಗಿನ ಕೃಷಿಯ ಇತಿಹಾಸದಲ್ಲಿ ಕೇರೆಗೆ ಒಂದು ಸ್ಥಾನವಿದೆಯೆಂದು ನನ್ನ ಅಭಿಪ್ರಾಯ; ಯಾವ ಗೆಜೆಟಿಯರೂ ಅದನ್ನು ಲೆಕ್ಕಕ್ಕೆ ಹಿಡಿಯಲಾರದು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬಾತ ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು ತೆರೆದ. ಅದೇ ಕಾಲದಲ್ಲಿ ಸಿಂಹಳದ ಕಾಫಿ ತೋಟಗಳನ್ನು 'ಕಾಫಿ ಇಲಿ'ಯೆಂದೇ ಹೆಸರಾದ ಒಂದು ಇಲಿ ಕಾಡುತ್ತಿತ್ತು. ಅದು ಮೊಗ್ಗು, ಹೂಗಳಿಗಾಗಿ ಎಳೆಯ ರೆಂಬೆಗಳನ್ನು ಕಡಿದು ಹಾಕುತ್ತಿತ್ತು. ಒಂದೇ ತೋಟದಲ್ಲಿ ಒಂದೇ ದಿನ ಸಾವಿರ ಇಲಿಗಳನ್ನು ಕೊಂದದ್ದನ್ನು ಎಮರ್ಸನ್ ಟೆನೆಂಟ್ 1861ರ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ಕಾಡನ್ನು ಸಾರಾಸಗಟಾಗಿ ಕಡಿದು ಒಂದೇ ಬೆಳೆಯನ್ನು ಹಬ್ಬಿಸಿದ ನೆಲದ ಕಥೆ ಅದು. ನಮ್ಮಲ್ಲಿ ಕಾಫಿ ಬೆಳೆದದ್ದು ಬಹುಪಾಲು ಮರಗಳ ನೆರಳಿನಲ್ಲಿ. ತೋಟದ ಕೆಳಗೆ ಭತ್ತದ ಗದ್ದೆ, ಪಕ್ಕದಲ್ಲಿ ಬಾಣೆ, ನಡುನಡುವೆ 1,200ಕ್ಕೂ ಹೆಚ್ಚು ದೇವರಕಾಡುಗಳು. ಗೂಬೆ, ಮುಂಗುಸಿ, ಕಾಡುಬೆಕ್ಕು, ಕೇರೆ ಎಲ್ಲಕ್ಕೂ ಇಲ್ಲಿ ಇರಲು ಎಡೆಯಿತ್ತು. ಕೇರೆಯೊಂದೇ ನಮ್ಮನ್ನು ಕಾಯಿತೆಂದು ನಾನು ಹೇಳಲಾರೆ. ಆದರೆ ಹೆಗ್ಗಣದ ಬಿಲದೊಳಕ್ಕೆ ನುಗ್ಗಿ ಮರಿಗಳ ಸಮೇತ ತೆಗೆಯುವ ಕೆಲಸ ಗೂಬೆಗಾಗದು. ಒಂದು ಸೂಲಿಗೆ ಆರೆಂಟು ಮರಿ ಹಾಕುವ ಹೆಗ್ಗಣ ಭತ್ತದ ತೆನೆಯನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಬಿಲಕ್ಕೆ ಸಾಗಿಸುತ್ತದೆ. ಏಲಕ್ಕಿ ಕಾಯಿಯನ್ನು ಕಡಿದು ಹಾಳು ಮಾಡುವುದೂ ಇಲಿಯೇ. ಇಲಿಯ ಮೂತ್ರ ಸೇರಿದ ಗದ್ದೆಯ ನೀರಿನಿಂದ ಹರಡುವ ಇಲಿಜ್ವರ ಬೆಳೆಯ ನಷ್ಟಕ್ಕಿಂತ ದೊಡ್ಡ ವಿಷಯ.

20ನೆಯ ಶತಮಾನದಲ್ಲಿ ಕೇರೆಗೆ ಬೇರೆಯೇ ಒಂದು ಗಂಡಾಂತರ ಒದಗಿತು: ಅದರ ಚರ್ಮ. ಉದ್ದನೆಯ, ಗಟ್ಟಿಯಾದ ಚರ್ಮವಾದ್ದರಿಂದ ಯುರೋಪಿನ ಹೆಂಗಸರ ಕೈಚೀಲ, ಪಾದರಕ್ಷೆ, ಸೊಂಟಪಟ್ಟಿಗಳಿಗಾಗಿ ಭಾರತದಿಂದ ಹಡಗೇರಿದ ಹಾವಿನ ಚರ್ಮಗಳಲ್ಲಿ ಕೇರೆಯದೂ ಪ್ರಮುಖವಾಗಿತ್ತು. ತಮಿಳುನಾಡಿನ ಇರುಳರು ಹಿಡಿದು ತಂದ ಹಾವಿಗೆ ಕೆಲವು ರೂಪಾಯಿ, ಮಧ್ಯದವರಿಗೆ ಹಲವು ಪಟ್ಟು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ಹಾವು ಉಳಿಯಿತು, ಇರುಳರ ಅನ್ನ ಹೋಯಿತು. 1978ರಲ್ಲಿ ರೋಮುಲಸ್ ವಿಟೇಕರ್ ಮತ್ತಿತರರ ನೆರವಿನಿಂದ ಇರುಳರು ತಮ್ಮದೇ ಸಹಕಾರ ಸಂಘವನ್ನು ಕಟ್ಟಿ, ವಿಷದ ಹಾವನ್ನು ಕೊಲ್ಲದೆ ವಿಷ ತೆಗೆದು ಮತ್ತೆ ಕಾಡಿಗೆ ಬಿಡುವ ಕಸುಬನ್ನು ಹಿಡಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷದ ಹಿಂದೆ ಈ ಕೈಗಳ ಶ್ರಮವಿದೆ. 2022ರಲ್ಲಿ ಕಾಯಿದೆಗೆ ತಿದ್ದುಪಡಿಯಾದಾಗ ಕೇರೆಯೂ ಹುಲಿ, ಆನೆಗಳೊಡನೆ ಮೊದಲನೆಯ ಅನುಸೂಚಿಗೆ ಏರಿತು. ಅದನ್ನು ಕೊಲ್ಲುವುದು ಕನಿಷ್ಠ 3 ವರ್ಷದ ಸೆರೆವಾಸದ ಅಪರಾಧ. ಕಾನೂನು ತಿಳಿದು ದೊಣ್ಣೆ ಕೆಳಗಿಟ್ಟವರನ್ನು ನಾನು ಅಷ್ಟಾಗಿ ಕಂಡಿಲ್ಲವೆನ್ನಿ.

ಕೇರೆಯನ್ನು ಕೊಂದರೆ ಇನ್ನೊಂದು ಜೀವಿಯ ತಟ್ಟೆಗೂ ಕೈ ಹಾಕಿದಂತೆ. ಕಾಳಿಂಗ ಸರ್ಪ ತಿನ್ನುವುದು ಬಹುಮಟ್ಟಿಗೆ ಹಾವುಗಳನ್ನೇ. ಪಶ್ಚಿಮಘಟ್ಟದಲ್ಲಿ ಅದರ ಮುಖ್ಯ ಆಹಾರಗಳಲ್ಲಿ ಕೇರೆಯೂ ಒಂದು. ತೋಟದ ಮನೆಗಳ ಸಮೀಪಕ್ಕೆ ಕಾಳಿಂಗ ಬಂದಿತೆಂದರೆ ಎಷ್ಟೋ ಸಲ ಅದು ಕೇರೆಯ ವಾಸನೆ ಹಿಡಿದು ಬಂದಿರುತ್ತದೆ. 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು, ಒಂದೇ ಎಂದುಕೊಂಡಿದ್ದ ಕಾಳಿಂಗ ನಿಜಕ್ಕೂ ನಾಲ್ಕು ಪ್ರಭೇದಗಳೆಂದು ತೋರಿಸಿ, ನಮ್ಮ ಘಟ್ಟದ್ದಕ್ಕೆ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಕೊಟ್ಟರು. ಲಿನೇಯಸ್ಸನ ಲೋಳೆಯ ಹೆಸರಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ ಕನ್ನಡದ ಮೇಷ್ಟರಿಗೆ ಎಷ್ಟು ಸಂತೋಷವಾಗಬೇಕೋ ಅಷ್ಟು ಆಯಿತು.

ಹಾವೆಂದರೆ ಹೆದರಬಾರದೆಂದು ನಾನು ಹೇಳುತ್ತಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಬಹುಪಾಲು ಹಳ್ಳಿಗರು, ಬರಿಗಾಲಿನಲ್ಲಿ ದುಡಿಯುವವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ದೇಶದಲ್ಲಿ ಇದೇ ಮೊದಲು. ಈ ಸಾವುಗಳಿಗೆ ಕಾರಣ ಕೊಳಕುಮಂಡಲ, ಕಟ್ಟುಹಾವು, ನಾಗರಗಳಂಥ ವಿಷದ ಹಾವುಗಳು. ಅವುಗಳಲ್ಲಿ ಅನೇಕವು ಮನೆಯ ಬಳಿಗೆ ಬರುವುದು ಇಲಿಗಾಗಿಯೇ. ಇಲಿ ತಿನ್ನುವ ನಿರ್ವಿಷಿಯನ್ನು ಕೊಂದು ಇಲಿಯನ್ನು ಉಳಿಸಿದರೆ ಮುಂದಿನ ಅತಿಥಿ ಯಾರಾಗಬಹುದೆಂದು ಲೈನ್‌ಮನೆಯವರಿಗೆ ಬಿಡಿಸಿ ಹೇಳಬೇಕು. ಅದರ ಜೊತೆಗೆ ರಾತ್ರಿ ಟಾರ್ಚು, ಕಾಲಿಗೆ ಬೂಟು, ಮಲಗಲು ಮಂಚ ಇವುಗಳನ್ನು ಒದಗಿಸುವುದು ಯಜಮಾನರ ಕೆಲಸ.

ಈಗ ಕೇರೆಗೆ ದೊಣ್ಣೆಗಿಂತ ದೊಡ್ಡ ವೈರಿಗಳಿವೆ. ಭತ್ತ ಲಾಭವಿಲ್ಲವೆಂದು ಪಾಳುಬಿಟ್ಟ, ಇಲ್ಲವೇ ಶುಂಠಿಗೋ ನಿವೇಶನಕ್ಕೋ ಕೊಟ್ಟ ಗದ್ದೆಗಳಲ್ಲಿ ಕಪ್ಪೆಯ ದನಿ ಕಡಿಮೆಯಾಗಿದೆ. ಗೋದಾಮಿನಲ್ಲಿ ಇಟ್ಟ ಪಾಷಾಣ ತಿಂದು ತೂರಾಡುವ ಇಲಿಯೇ ಹಾವಿಗೆ ಮೊದಲು ಸಿಗುವುದು. ಹಗಲು ತಿರುಗುವ ಹಾವಾದ್ದರಿಂದ ಮಡಿಕೇರಿ, ವಿರಾಜಪೇಟೆಯ ರಸ್ತೆಗಳಲ್ಲಿ ರಜೆಯ ದಿನಗಳಂದು ಪ್ರವಾಸಿಗರ ವಾಹನಗಳ ಚಕ್ರಕ್ಕೆ ಸಿಗುವುದೂ ಇದೇ. ಎಲ್ಲಕ್ಕಿಂತ ಕೆಟ್ಟದ್ದು, ತರಕಾರಿ ಪಾತಿಯ ಸುತ್ತ ಕೋಳಿ ಬಾರದಿರಲೆಂದು ಕಟ್ಟುವ ಪ್ಲಾಸ್ಟಿಕ್ ಮೀನುಬಲೆ. ತಲೆ ತೂರಿಸಿದ ಕೇರೆಗೆ ಹುರುಪೆಗಳಿಂದಾಗಿ ಹಿಂದಕ್ಕೆ ಬರಲಾಗದು. ಎಳೆದಷ್ಟೂ ದಾರ ಮಾಂಸಕ್ಕೆ ಇಳಿಯುತ್ತದೆ, ಬಿಸಿಲಿಗೆ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಬಲೆಯ ಬದಲು ಬಿದಿರಿನ ತಟ್ಟಿಯನ್ನೋ ಹಳೆಯ ಸೀರೆಯನ್ನೋ ಕಟ್ಟಬಹುದು. ಬಲೆಯೇ ಬೇಕೆಂದರೆ ನೆಲದಿಂದ ಒಂದು ಗೇಣು ಮೇಲಕ್ಕೆ ಕಟ್ಟಿರಿ. ಆಗ ಕೋಳಿ ಒಳಗೆ ಬರುತ್ತದೆ, ನಿಜ. ಕೋಳಿಯನ್ನು ಹುಶ್ ಎಂದು ಓಡಿಸಬಹುದು.